ಶನಿವಾರದ ಮಳೆ

"ನಾನು ಸುಳ್ಳು ಬರ್ದಿದೀನಿ ಅಂತ ಬಾಯ್ಬಿಟ್ಟು ಹೇಳ್ಬಿಡು. ಆಮೇಲೆ ಆ ಮಳೆ ಬಾಟ್ಲಿ ಕಿತ್ಕೊಂಡು ನಿನ್ನ ಪುಣೆಗೆ ಹೋಗು," ಎಂದು ನಂಜುಂಡಪ್ಪ ಕೈಯಲ್ಲಿದ್ದ ಮಳೆ ಪುಸ್ತಕವನ್ನು ಮಂಚದ ಮೇಲೆ ಎಸೆದರು.

"ಸುಳ್ಳು ಅಂತ ಎಲ್ಲಂದೆ ಚಿಕ್ಕಪ್ಪ? ಮಳೆ ಇಲ್ಲದ ತಿಂಗಳಲ್ಲೂ ಶನಿವಾರ ಶನಿವಾರ ಮಾತ್ರ ಹೆಂಗೆ ಮಳೆ ಬರುತ್ತೆ ಅಂತ ಕೇಳ್ದೆ. ಮೋಡ ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ?" ಬೃಂದಾಳ ದನಿಯೂ ಏರಿತು.

"ಬಾಟ್ಲಲ್ಲಿ ಎಷ್ಟೈತೋ ಅಷ್ಟು ಬರಿ, ಆಕಾಶ ನೋಡಿ ಬರೀಬೇಡ ಅಂದೋಳು ಯಾರು? ನೀನೇ ತಾನೆ. ಇಬ್ಬನಿ ಇರ್ಬೇಕು ಅಂದ್ಕೊಂಡೆ. ಇದ್ದಷ್ಟು ಬರ್ದೆ."

"ಇಬ್ಬನಿ ವಾರಕ್ಕೊಂದು ಸಲ ಬೀಳುತ್ತಾ?"

"ಅದನ್ನ ಓದಿರೋಳು ನೀನು ಹೇಳು. ನಂದು ಏಳನೇ ಕ್ಲಾಸು."

ಬೃಂದಾ ಚಂಡಮಾರುತಗಳ ವಿಜ್ಞಾನಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿ ಅಜ್ಜಂಪುರದ ಈರುಳ್ಳಿ ಹೊಲದವರೆಗೆ ಎಷ್ಟು ಮಳೆ ಹೊತ್ತು ತರುತ್ತದೆ, ವರ್ಷದಿಂದ ವರ್ಷಕ್ಕೆ ಅದು ಹೇಗೆ ಬದಲಾಗುತ್ತಿದೆ ಎಂದು ನೋಡುವುದು ಅವಳ ಕೆಲಸ. ಹನ್ನೊಂದು ವರ್ಷದ ಹಿಂದೆ ಪಿಎಚ್‌ಡಿಗೆ ಸೇರಿದಾಗ ಚಿಕ್ಕಪ್ಪನ ಹಿತ್ತಲಲ್ಲಿ ಮಳೆಮಾಪಕ ನೆಟ್ಟು ಹೋಗಿದ್ದಳು. ಅಂದಿನಿಂದ ನಂಜುಂಡಪ್ಪ ಬೆಳಗ್ಗೆ ಎಂಟೂವರೆಯ ಅಳತೆಯನ್ನು ತಪ್ಪಿಸಿದವರಲ್ಲ. ಮಗಳ ಧಾರೆಯ ದಿನವೂ ಕಡೂರಿನ ಛತ್ರದಿಂದ ಬೈಕಿನಲ್ಲಿ ಬಂದು ಅಳತೆ ಬರೆದಿಟ್ಟು, ಮುಹೂರ್ತಕ್ಕೆ ಓಡಿದ್ದರು.

ಪಿಎಚ್‌ಡಿಗೆ ಬೇಕಾಗಿದ್ದದ್ದು ಚಂಡಮಾರುತ ಎದ್ದ ದಿನಗಳು ಮಾತ್ರ. ಈಗ ಎಲ್ಲ ದಿನಗಳನ್ನೂ ಸೇರಿಸಿದಾಗ ಈ ಶನಿವಾರಗಳು ಎದ್ದು ಕಂಡವು. 'ಈ ಮನುಷ್ಯ ಮನೆಯಲ್ಲಿ ಕೂತು ಬರೆಯುತ್ತಾನೆ, ಇವನ ಪುಸ್ತಕ ಕೈಬಿಡಿ' ಎಂದಿದ್ದರು ಮೇಲಿನ ಅಧಿಕಾರಿ. ಸೋಮವಾರದೊಳಗೆ ಕಾರಣ ಸಿಗದಿದ್ದರೆ ಹನ್ನೊಂದು ವರ್ಷವೂ ಕಸ. ಅದಕ್ಕೇ ಅವಳು ರಾತ್ರಿ ರೈಲು ಹತ್ತಿ ಬೀರೂರಿನಲ್ಲಿ ಇಳಿದು ಬಂದಿದ್ದಳು.

ನಂಜುಂಡಪ್ಪನ ಹೆಂಡತಿ ಕೆಂಚಮ್ಮ ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಶನಿವಾರ ಬೆಳಗ್ಗೆ ಅಂದ್ರೆ, ಅದು ನಾನು ಶುಕ್ರವಾರ ಸಂಜೆ ಹಾಕಿದ್ದಲ್ವಾ?" ಎಂದರು.

ಇಬ್ಬರೂ ತಿರುಗಿದರು. "ಏನು ಹಾಕಿದ್ದು ಚಿಕ್ಕಮ್ಮ?"

"ನೀರು ಕಣೇ. ಶುಕ್ರವಾರ ದೀಪ ಹಚ್ಚೋ ಹೊತ್ನಲ್ಲಿ ಮನೇಲಿ ಯಾವ ಪಾತ್ರೆನೂ ಬರಿದು ಬಿಡಬಾರದು. ಕೊಡಕ್ಕೆ ಹಾಕ್ತೀನಿ, ಹಂಡೆಗೆ ಹಾಕ್ತೀನಿ. ನಿನ್ನ ಓದಿಗೆ ಇಟ್ಟಿರೋ ಪಾತ್ರೆ ಬರಿದಿದ್ರೆ ಚೆಂದವಾ? ಒಂದು ಅಂಗೈ ನೀರು ಬಿಟ್ಟು, ಕೈ ಮುಗ್ದು ಬರ್ತಿದ್ದೆ."

"ಹನ್ನೊಂದು ವರ್ಷ ನಿನ್ನ ಅಂಗೈ ನೀರನ್ನ ಮಳೆ ಅಂತ ಬರ್ದಿದೀನೇನೇ ನಾನು?"

"ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಬೃಂದಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಿತ್ತಲಿಗೆ ಓಡಿ ಅಳತೆ ಗ್ಲಾಸು ತಂದು ಚಿಕ್ಕಮ್ಮನ ಮುಂದಿಟ್ಟಳು. ಒಂದು ಚೊಂಬು ನೀರನ್ನೂ ಇಟ್ಟಳು. "ಅದೇ ಕೈ, ಅದೇ ಥರ. ಇದಕ್ಕೆ ಬಿಡು."

ಕೆಂಚಮ್ಮ ಕೊಡ ಪಕ್ಕಕ್ಕಿಟ್ಟು ಐದು ಸಲ ಬಿಟ್ಟರು. ಐದು ಸಲವೂ ಅರ್ಧ ಮಿಲಿಮೀಟರಿನ ಆಸುಪಾಸು. "ಈ ವರ್ಷದ ಶನಿವಾರಗಳಲ್ಲೂ ಇಷ್ಟೇ ಇರೋದು," ಎಂದು ಬೃಂದಾ ಪುಸ್ತಕವನ್ನು ಎದೆಗೊತ್ತಿಕೊಂಡಳು. "ಶನಿವಾರಗಳನ್ನ ತೆಗೆದಿಟ್ರೆ ಸಾಕು, ಮಿಕ್ಕಿದ್ದೆಲ್ಲ ಚಿನ್ನ. ಗೆದ್ದೆ ನೀನು ಚಿಕ್ಕಪ್ಪ."

"ಗೆದ್ದೆನಂತೆ," ಎಂದು ಗೊಣಗುತ್ತಾ ನಂಜುಂಡಪ್ಪ ಬೃಂದಾ ತೆರೆದಿಟ್ಟಿದ್ದ ಲ್ಯಾಪ್‌ಟಾಪಿಗೆ ಬಗ್ಗಿದರು. "ಈ ಗೆರೆ ಯಾಕೆ ಇಳ್ಕೊಂಡು ಹೋಗೈತೆ?"

"ಅದೇ ಶನಿವಾರದ ಮಳೆ. ಮೊದಲು ಒಂದು ಮಿಲಿಮೀಟರ್ ಇತ್ತು. ಮೂರು ವರ್ಷದಿಂದ ಇಳೀತಾ ಇಳೀತಾ ಅರ್ಧಕ್ಕೆ ಬಂದಿದೆ. ಹವಾಮಾನವೇ ಬದಲಾಗಿದೆ ಅಂತ ನಾನು..." ಬೃಂದಾ ಅಲ್ಲಿಗೇ ನಿಲ್ಲಿಸಿದಳು.

ಗ್ಲಾಸಿನ ಸುತ್ತ ನೆಲ ಒದ್ದೆಯಾಗಿತ್ತು. ಒಳಗೆ ಬಿದ್ದಷ್ಟೇ ನೀರು ಹೊರಗೂ ಬಿದ್ದಿತ್ತು. ಕೆಂಚಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಎಷ್ಟು ದಿನದಿಂದ ಕೈ ನಡುಗ್ತಾ ಐತೆ?" ನಂಜುಂಡಪ್ಪ ಕೇಳಿದರು.

"ಏನಿಲ್ಲ. ವಯಸ್ಸಾಯ್ತಲ್ಲ."

"ಎಷ್ಟು ದಿನದಿಂದ ಅಂತ ಕೇಳ್ದೆ."

"ನನ್ನೇನು ಕೇಳ್ತೀರಾ? ನೀವೇ ವಾರವಾರ ಬರ್ದಿಟ್ಟಿದೀರಲ್ಲ."

ನಂಜುಂಡಪ್ಪ ಹೆಂಡತಿಯ ಪಕ್ಕದಲ್ಲಿದ್ದ ಕೊಡ ಎತ್ತಿಕೊಂಡರು. "ಇವತ್ತು ಶುಕ್ರವಾರ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಚಪ್ಪಲಿ ಮೆಟ್ಟದೆ ಹೊರಗೆ ಹೋದರು.

ಕೆಂಚಮ್ಮ ದೀಪ ಹಚ್ಚಿದರು. ಗಂಡನಿಗೆಂದು ಬಸಿದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು. ಬೃಂದಾ ನೋಡಿ ಬರಲು ಎದ್ದಳು. ಚಿಕ್ಕಮ್ಮ ಅವಳ ಕೈ ಹಿಡಿದು ಕೂರಿಸಿದರು.

"ಕೂತ್ಕೊ. ನಲ್ಲಿ ಇರೋದು ಬಾಗ್ಲು ಪಕ್ಕದಲ್ಲೇ. ಇಷ್ಟೊತ್ತಾದ್ರೂ ತಿರುಗಿಸಿದ ಸದ್ದಿಲ್ಲ. ಸ್ವಲ್ಪ ಹೊತ್ತು ಒಬ್ರೇ ನಿಂತಿರ್ಲಿ ಬಿಡು."