ಮೂರನೆಯ ಓಟ

ಗಂಡ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿದ್ದೇ ತಡ, ಶುಭಾ ಕಾರಿನ ಕೀ ಎತ್ತಿಕೊಂಡು ಮೆಟ್ಟಿಲಿಳಿದಳು. ಸದ್ದಾಗದ ಹಾಗೆ ಬಾನೆಟ್ ಎತ್ತಿದಳು. ವಾರವಿಡೀ ರಾತ್ರಿ ಪಾಳಿ ಮಾಡಿದ ಕಣ್ಣು ಉರಿಯುತ್ತಿತ್ತು.

ಮೇಲಿನ ಬಾಲ್ಕನಿಯಿಂದ ಮನೆಯೊಡತಿ ಸೂರ್ಯಕಾಂತಮ್ಮ ಬಗ್ಗಿ ನೋಡಿ, ಗಾಡಿಗೆ ಏನಾಯಿತೆಂದು ಕೇಳಿದರು. "ಏಮ್ಮಾ, ಬಂಡಿಕಿ ಏಮೈಂದಿ?"

"ಏಮೀ ಲೇದಂಡಿ," ಎಂದಳು ಶುಭಾ. ಏನೂ ಇಲ್ಲ ಎಂದದ್ದಲ್ಲದೆ, ರೇಡಿಯೇಟರಿನ ನೀರು ನೋಡುತ್ತಿದ್ದೇನೆ ಎಂದು ತೆಲುಗಿನಲ್ಲೇ ಒಂದು ಸುಳ್ಳನ್ನೂ ಸೇರಿಸಿದಳು. ಈ ಕಾರಿನ ಕಥೆಯನ್ನು ಅವಳು ಇವತ್ತಿಗೆ ಮುಗಿಸಬೇಕಿತ್ತು.

ಆ ಸೆಕೆಂಡ್‌ಹ್ಯಾಂಡ್ ಕಾರು ಅವಳ ಪಾಲಿನ ಸವತಿ. ಅಶ್ವತ್ಥ ತುಮಕೂರಿನಿಂದ ತೆಲುಗು ಸೀಮೆಯ ಗಾಜುವಾಕದ ಬ್ಯಾಂಕಿಗೆ ವರ್ಗವಾಗಿ ಬಂದವನು. ಶುಭಾಗೆ ಹತ್ತಿರದ ಪರವಾಡದ ಔಷಧ ಕಾರ್ಖಾನೆಯಲ್ಲಿ ಉಷ್ಣತೆ ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವನು ಬ್ಯಾಂಕಿನಿಂದ ಬರುವ ಹೊತ್ತಿಗೆ ಇವಳ ಕಂಪನಿ ಬಸ್ಸು ಹೊರಟಿರುತ್ತಿತ್ತು. ರಜೆಯ ದಿನ ಇವಳು ಸಂಜೆಯವರೆಗೆ ಸತ್ತವಳ ಹಾಗೆ ಮಲಗುತ್ತಿದ್ದಳು. ಅಂಥದ್ದರಲ್ಲಿ ಇವನಿಗೆ ರೇಸಿನ ಹುಚ್ಚು ಹಿಡಿಯಿತು. ಅವಳಿಗೆ ರಜೆಯಿರುವ ಭಾನುವಾರ ಗನ್ನವರಂ ಆಚೆ ರೇಸಿದ್ದರೆ ಮುಗಿಯಿತು, ಕತ್ತಲಿರುವಾಗಲೇ ವಿಜಯವಾಡದ ಆರು ಗಂಟೆಯ ದಾರಿ ಹಿಡಿಯಬೇಕು. ಉಳಿದ ಭಾನುವಾರ ಅವನು ಮನೆಯಲ್ಲೇ ಬಟ್ಟೆ ಒಗೆದುಕೊಂಡಿರುತ್ತಿದ್ದ.

"ನಾನ್ಯಾಕ್ರೀ ಬರ್ಬೇಕು? ನೀವೊಬ್ರೇ ಹೋಗಿ ಬನ್ನಿ."

"ಟೈಮ್ ಬರ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ ಕಣೆ."

ಅಲ್ಲಿ ರೇಸ್ ನಡೆಸುವ ಕ್ಲಬ್ಬಿನವರದೇ ದೊಡ್ಡ ಗಡಿಯಾರವಿತ್ತು.

ಯುಗಾದಿಯ ದಿನ ಅವಳು ಅತ್ತೇಬಿಟ್ಟಳು. ಅಶ್ವತ್ಥ ಅವಳ ತಲೆಯ ಮೇಲೆ ಕೈಯಿಟ್ಟ. "ಒಂದೇ ಒಂದು ಕಪ್. ಗೆದ್ದ ದಿನವೇ ರೇಸು ಬಿಟ್ಟೆ. ನಿನ್ನಾಣೆ."

ಆಣೆಯೇನೋ ಆಯಿತು, ಕಪ್ ಬರಬೇಕಲ್ಲ! ಮೂರು ಓಟದ ಸಮಯ ಕೂಡಿಸಿ ಗೆದ್ದವರನ್ನು ಆರಿಸುತ್ತಿದ್ದರು. ಇವನ ಕಾರು ಮೊದಲ ಓಟದಲ್ಲಿ ಬಾಣ. ಬಿಸಿಲಿನಲ್ಲಿ ಸರದಿ ಕಾದು ಎರಡನೆಯದಕ್ಕೆ ಬಂದರೆ ಏದುಸಿರು. ಮೂರನೆಯದನ್ನು ಕೇಳುವುದೇ ಬೇಡ.

ಕಾರಣ ಕಂಡುಹಿಡಿದವಳು ಶುಭಾ. ಎಂಜಿನ್ನಿನೊಳಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ ಎಂದು ತಿಳಿಸುವ ಪುಟ್ಟ ಸೆನ್ಸರ್ ಒಂದಿತ್ತು. ಅದು ಕೂತಿದ್ದದ್ದು ಎಂಜಿನ್ನಿನ ನೆತ್ತಿಯ ಮೇಲೆ. ಗಾಳಿ ಹೇಗೇ ಇರಲಿ, ತಾನು ಕಾದು ಗಾಳಿಯೇ ಕಾದಿದೆ ಎಂದು ವರದಿ ಒಪ್ಪಿಸುತ್ತಿತ್ತು. ಅದನ್ನು ನಂಬಿದ ಕಾರಿನ ಕಂಪ್ಯೂಟರ್ ಎಂಜಿನ್ನಿನ ಬಲ ತಗ್ಗಿಸುತ್ತಿತ್ತು. ಹಬೆ ಕೊಳವೆಗೆ ಅಂಟಿಕೊಂಡು ಹೀಗೇ ಸುಳ್ಳು ಹೇಳುವ ಸೆನ್ಸರ್‌ಗಳನ್ನು ಕಿತ್ತು ಸರಿಯಾದ ಜಾಗದಲ್ಲಿ ಕೂರಿಸುವುದು ಕಾರ್ಖಾನೆಯಲ್ಲಿ ಅವಳ ಕೆಲಸವೇ ಆಗಿತ್ತು.

ಈಗ ಅದನ್ನೇ ಮಾಡಿದಳು. ಸೆನ್ಸರ್ ಬಿಚ್ಚಿದಳು. ಮುಂದಿನ ಜಾಲರಿಯ ಹಿಂದೆ, ಹೊರಗಾಳಿ ಒಳಬರುವ ಕೊಳವೆಗೆ ತೂತು ಕೊರೆಯಲು ಸಿದ್ಧವಾಗಿ ಬಂದಿದ್ದಳು. ಪುಣ್ಯಕ್ಕೆ ಅಲ್ಲಿ ಅದೇ ಅಳತೆಯ ತೂತೊಂದಿತ್ತು, ಯಾರೋ ರಬ್ಬರ್ ಬಿರಡೆ ಹಾಕಿ ಮುಚ್ಚಿದ್ದರು. ಮಡಚಿ ಕಟ್ಟಿದ್ದ ತಂತಿ ಬಿಚ್ಚಿದರೆ ಅಲ್ಲಿಗೆ ಸಲೀಸಾಗಿ ಎಟುಕಿತು. ಹಳೆಯ ಮಾಲೀಕನ ಅಧ್ವಾನ ಎಂದುಕೊಂಡು ಸೆನ್ಸರನ್ನು ಅಲ್ಲಿ ಕೂರಿಸಿ, ಬಿರಡೆಯನ್ನು ಹಿಂದಿನ ತೂತಿಗೆ ಜಡಿದು ಕೈ ಒರೆಸಿಕೊಂಡಳು.

ಹೆದ್ದಾರಿಯಲ್ಲಿ ಅಶ್ವತ್ಥ ಎಂದಿನಂತೆ ನಿಧಾನ. ಕಲ್ಲು ತುಂಬಿದ ಲಾರಿಗಳೂ ಅವನನ್ನು ಹಿಂದೆ ಹಾಕಿ ಹೋದವು. ರೇಸಿನ ಸುದ್ದಿಯೇ ಇಲ್ಲ. "ನಿಮ್ಮ ಹೈಮಾವತಿ ಮೇಡಂ ಈ ವಾರಾನೂ ಕಾಟ ಕೊಟ್ರಾ?" ಎಂದು ಕೇಳಿದ. ಶುಭಾ ತನ್ನ ಮೇಲಧಿಕಾರಿಯನ್ನು ಬೈಯುತ್ತಾ ರಾಜಮಂಡ್ರಿಯವರೆಗೆ ಬಂದಳು.

ಗನ್ನವರಂ ಆಚೆ, ಇನ್ನೂ ಒಂದು ಮನೆಯೂ ಏಳದ ಬಡಾವಣೆಯ ನೇರ ರಸ್ತೆಯೇ ರೇಸಿನ ಜಾಗ. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ಮೊದಲ ಓಟ ಚೆನ್ನಾಗಿಯೇ ಆಯಿತು. ಆಮೇಲೆ ಕಾರು ಸರದಿಯಲ್ಲಿ ನಿಂತು ಬೆಂದಿತು. ಎರಡನೆಯ ಓಟಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ! ಇಲ್ಲಿಯವರೆಗೆ ಅಶ್ವತ್ಥನೇ ಎಲ್ಲರಿಗಿಂತ ಮುಂದೆ ಎಂದು ಮೈಕಿನಲ್ಲಿ ಕೂಗಿದರು. ಶುಭಾಗೆ ಅಳುವಷ್ಟು ಸಂತೋಷವಾಯಿತು. ಇನ್ನು ಮೇಲೆ ರಜೆಯೆಂದರೆ ರಜೆ.

ಅಶ್ವತ್ಥನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ.

"ಶುಭಾ, ಗಂಟಲು ಒಣಗ್ತಿದೆ. ಒಂದ್ಲೋಟ ಮಜ್ಜಿಗೆ ತರ್ತೀಯಾ?"

ಮಜ್ಜಿಗೆ ಅಂಗಡಿ ರಸ್ತೆಯ ಆ ತುದಿಯಲ್ಲಿತ್ತು. ಅವಳು ಹಿಂದಿರುಗುವಾಗ ಮೂರನೆಯ ಓಟ ಶುರುವಾಗಿತ್ತು. ಕಾರು ಏದುಸಿರು ಬಿಡುತ್ತಾ ಬಂತು. ಕಪ್ ವಿಜಯವಾಡದ ಬಾಲಚಂದ್ರ ಎಂಬವನ ಪಾಲಾಯಿತು. ಅಶ್ವತ್ಥ ಅವನ ಕೈ ಕುಲುಕಿ ಬಂದು, ಮಜ್ಜಿಗೆಯನ್ನು ನೆಮ್ಮದಿಯಾಗಿ ಕುಡಿದ.

ಸಂಜೆ ಏಲೂರಿನ ಹತ್ತಿರ ಅವನು ಟೀ ತರಲು ಇಳಿದಾಗ ಶುಭಾ ಬಾನೆಟ್ ಎತ್ತಿದಳು. ಸೆನ್ಸರ್ ಮತ್ತೆ ಎಂಜಿನ್ನಿನ ನೆತ್ತಿಯ ಮೇಲೆ ಕೂತಿತ್ತು. ತಂತಿಯನ್ನು ಮೊದಲಿದ್ದ ಹಾಗೆಯೇ ಮಡಚಿ ಕಟ್ಟಲಾಗಿತ್ತು.

ತಿರುಗಿದರೆ ಅಶ್ವತ್ಥ ಎರಡು ಗ್ಲಾಸು ಹಿಡಿದು ನಿಂತಿದ್ದ.

"ನೀವೇನಾ ಇದನ್ನ ವಾಪಸ್ ಇಲ್ಲಿ ಹಾಕಿದ್ದು?"

"ಹ್ಞೂಂ. ಮೊದಲು ಹಾಕಿದ್ದೂ ನಾನೇ."

"ಗೆಲ್ತಿದ್ರಲ್ರೀ! ಆಣೆ ಬೇರೆ ಹಾಕಿದ್ರಿ. ನನಗೆ ಸಾಕಾಗಿಹೋಗಿದೆ. ನನಗಿಂತ ಈ ರೇಸೇ ಹೆಚ್ಚಾಯ್ತಾ ನಿಮಗೆ?"

ಅವನು ಒಂದು ಗ್ಲಾಸನ್ನು ಅವಳ ಕೈಗಿಟ್ಟ. ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿ ಬಾನೆಟ್ ಮುಚ್ಚಿದ.

"ರೇಸು ಅಂದ್ರೆ ನನಗೆ ಜೀವ ಹೋಗೋಷ್ಟು ಭಯ ಕಣೆ. ಆದ್ರೆ ಗೆದ್ದುಬಿಟ್ರೆ, ನೀನು ಹೀಗೆ ಇಡೀ ದಿನ ನನ್ನ ಪಕ್ಕ ಕೂತು ಮಾತಾಡೋದು ಇನ್ಯಾವಾಗ?"