ಮೂರು ಕೋಟು

"ದಿನಕ್ಕೆ ಎಷ್ಟು ಕೊಟ್ರಿ?" ಡಾಕ್ಟರಮ್ಮ ಮಾತ್ರೆ ಡಬ್ಬಿ ಎತ್ತಿ ಹಿಡಿದು ಕೇಳಿದರು.

"ಮೂರು," ಎಂದ ವೆಲ್ಡರ್. "ಒಂದೇ ಕೋಟು ಬಣ್ಣ ಹೊಡೆದ್ರೆ ಯಾವ ಕಬ್ಬಿಣ ಉಳಿಯುತ್ತೆ?"

ಮೂವತ್ತು ವರ್ಷ ಗೇಟು, ಕಿಟಕಿ ಸರಳು ಬೆಸೆದು, ತುಕ್ಕು ಕೆರೆದು ರೆಡ್ ಆಕ್ಸೈಡ್ ಬಣ್ಣ ಬಳಿದ ಕೈ ಅವನದು. ಹೆಂಡತಿಯ ಗಂಟಲಿನ ಗಡ್ಡೆಗೆ ರೇಡಿಯೇಷನ್, ಅವನ ಮಾತಿನಲ್ಲಿ ಹೇಳುವುದಾದರೆ 'ಕರೆಂಟು', ಶುರುವಾಗಿ ಹನ್ನೆರಡು ದಿನವಾಗಿತ್ತು. ಫ್ರೀ ರ್‍ಯಾಡಿಕಲ್ ಎಂಬ ಪುಂಡ ಕಣಗಳು ಮೈಯೊಳಗೆ ತುಕ್ಕು ಹಿಡಿಸುತ್ತವೆ, ಆಂಟಿಆಕ್ಸಿಡೆಂಟ್ ತಿಂದರೆ ತೆಪ್ಪಗಾಗುತ್ತವೆ ಎಂದು ಔಷಧಿ ಅಂಗಡಿಯವನು ಹೇಳಿದ್ದೇ ತಡ, ಇದ್ದುದರಲ್ಲಿ ದೊಡ್ಡ ಡಬ್ಬಿಯನ್ನೇ ತಂದಿದ್ದ. ಅವಳಿಗೆ ನುಂಗಲಾಗದೆಂದು ಸುತ್ತಿಗೆ ಹಿಡಿಯಲ್ಲಿ ಅರೆದು ಗುಟ್ಟಾಗಿ ಹಾಲಿಗೆ ಬೆರೆಸಿದ್ದ. ಹಾಲು ಕಹಿ ಎಂದು ಅವಳು ಮುಖ ಕಿವುಚಿದಾಗ, ಅವಳಿಗೆ ಕೇಳಿಸುವಂತೆ ಹಾಲಿನವನಿಗೆ ಬೈದೂ ಇದ್ದ. ಇವತ್ತು ಬೆಳಿಗ್ಗೆ ಡಬ್ಬಿ ಅವಳ ಕೈಗೆ ಸಿಕ್ಕಿತ್ತು; ಅದನ್ನು ತಂದು ಡಾಕ್ಟರಮ್ಮನ ಮುಂದಿಟ್ಟು ಅವಳು ಪಕ್ಕದಲ್ಲೇ ಕೂತಿದ್ದಳು.

ಡಾಕ್ಟರಮ್ಮ ಬೈಯಲಿಲ್ಲ. ಆ ಪುಂಡರು ರೋಗ ತರುವುದು ನಿಜ ಎಂದರು. "ಆದ್ರೆ ಕರೆಂಟ್ ಕೊಟ್ಟು ನಾವು ಗಡ್ಡೆಯೊಳಗೆ ಅವ್ರನ್ನೇ ಹುಟ್ಟಿಸ್ತೀವಿ, ಗಡ್ಡೆ ಸಾಯ್ಲಿ ಅಂತ. ನಾವು ತುಕ್ಕು ಹಿಡಿಸ್ತಿದ್ರೆ ನೀವು ಹಿಂದಿನಿಂದ ಬಣ್ಣ ಬಳೀತಿದ್ದೀರಿ."

ವೆಲ್ಡರ್‌ನ ಮುಖ ಬಿಳಿಚಿಕೊಂಡಿತು. ಹನ್ನೆರಡು ದಿನದ ಕರೆಂಟು ನೀರಲ್ಲಿ ಹೋಮವಾಯಿತೇ ಎಂದು ಕೇಳಿದ. ಡಾಕ್ಟರಮ್ಮ ಹೇಳಿದರು: ಕೆಟ್ಟಿದೆಯೋ ಇಲ್ಲವೋ, ಕೆಟ್ಟಿದ್ದರೆ ಎಷ್ಟೋ, ತನಗೂ ಗೊತ್ತಿಲ್ಲ. ಇನ್ನೂ ಇಪ್ಪತ್ತೊಂದು ದಿನ ಇದೆ. ಹಣ್ಣು, ತರಕಾರಿ ತಿನ್ನಲಿ, ಈ ಮಾತ್ರೆ ಮಾತ್ರ ಬೇಡ.

ಮನೆಗೆ ಹೋಗುವ ದಾರಿಯಲ್ಲಿ ಅವನು ಎದುರು ಬಂದ ಸೈಕಲ್ಲಿನವನಿಗೂ ಬೈಯಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಸೋತ ದನಿಯಲ್ಲಿ, "ರೀ, ಆ ಹಾಲಿನವ್ನ ಹತ್ರ ತಪ್ಪಾಯ್ತು ಅಂತ ಹೇಳ್ಬಿಡಿ," ಎಂದಳು.

"ನಾನು ನಿನ್ನ ಉಳಿಸೋಕೆ..." ಎಂದು ಶುರು ಮಾಡಿದ.

"ಗೊತ್ತು. ನನ್ನೂ ಗೇಟು ಅಂದ್ಕೊಂಡ್ರಿ."

ಮರುದಿನ ಬೆಳಿಗ್ಗೆ ಅವಳು ಎದ್ದು ಬಂದಾಗ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಪಳಪಳ ಉಜ್ಜಿದ ಅಂಗೈಯಗಲದ ಕಬ್ಬಿಣದ ತುಂಡೊಂದಿತ್ತು. ಅವನು ಬಗ್ಗಿ ನಿಂತು ಅದಕ್ಕೆ ಉಪ್ಪುನೀರು ಚಿಮುಕಿಸುತ್ತಿದ್ದ.

"ಏನ್ರೀ ಇದು?"

"ಸುಮ್ನಿರೇ," ಎಂದ ತಿರುಗದೆ. "ಇಪ್ಪತ್ತೊಂದೇ ದಿನ ಇರೋದು. ಇದೂ ಚೆನ್ನಾಗಿ ತುಕ್ಕು ಹಿಡೀಲಿ."