ಏರುತ್ತಲೇ ಹೋದ ಬೆಲೆ

2018ರ ಫೆಬ್ರುವರಿ 17, ಶನಿವಾರ, ಬೆಳಿಗ್ಗೆ ಎಂಟೂಕಾಲು. ಗಾಡಿ ಕೊಳ್ಳಲು ಬಂದವನು ಮುಂದಿನ ಬಂಪರಿನ ತಗ್ಗನ್ನು ನೋಡಲೇ ಇಲ್ಲ. ನೇರವಾಗಿ ಚಕ್ರಗಳ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತ.

ಗಾಡಿಯ ಒಡತಿ ನೋಲೀನ್ ಒಂದು ಹೆಜ್ಜೆ ಮುಂದೆ ಬಂದಳು. ಬಂಪರನ್ನು ಅವಳು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದಳು. ಚಕ್ರಗಳನ್ನೂ ತೊಳೆಯಬೇಕೆಂದು ಹೊಳೆದಿರಲೇ ಇಲ್ಲ.

ಎರಡು ವಾರದ ಹಿಂದೆ, ಸಂಜೆಗತ್ತಲಲ್ಲಿ, ಗಣಿಯ ಮಣ್ಣುದಾರಿಯಲ್ಲಿ ಅವಳು ಈ ಹಳೆಯ ಪಿಕಪ್ ಓಡಿಸಿಕೊಂಡು ಮನೆಗೆ ಬರುತ್ತಿದ್ದಳು. ಮುಂದೊಂದು ಗಣಿ ಲಾರಿ. ಅದರ ಕೆಂದೂಳಿನಲ್ಲಿ ದಾರಿಯೇ ಕಾಣದಾದಾಗ ದಡಲ್ಲೆಂದು ಏನೋ ಬಡಿಯಿತು. ಕಾಂಗರೂ ಇರಬೇಕು ಎಂದುಕೊಂಡಳು. ಆಸ್ಟ್ರೇಲಿಯಾದ ಈ ಪಿಲ್ಬರಾ ಸೀಮೆಯಲ್ಲಿ ಕಾಂಗರೂಗೆ ಬಡಿಯದ ಗಾಡಿ ಎಲ್ಲಿದೆ? ಇಳಿದು ನೋಡಲಿಲ್ಲ. ಮಾರನೆಯ ದಿನ ರೇಡಿಯೋ ಹೇಳಿತು: ದನದ ಫಾರ್ಮಿನ ಆಳು ಬ್ರೆಟ್ ಕಾಣೆಯಾಗಿದ್ದಾನೆ, ಕೆಟ್ಟು ನಿಂತ ಅವನ ಗಾಡಿ ಅದೇ ದಾರಿಯ ಬದಿಯಲ್ಲಿ ಸಿಕ್ಕಿದೆ. ಅವಳು ರೇಡಿಯೋ ಆರಿಸಿದಳು. ಮತ್ತೆ ಹಚ್ಚಲಿಲ್ಲ.

ಅಂದೇ ಗಾಡಿಯನ್ನು ಮನೆಯ ಹಿಂದಕ್ಕೆ ತಂದು, ತಗಡಿನ ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಟಾರ್ಪಾಲು ಎಳೆದಳು. ರಸ್ತೆಯಲ್ಲಿ ಹೋಗುವವರಿಗೆ ಚೂರೂ ಕಾಣದು. ಆದರೆ ಕಣ್ಣು ಮುಚ್ಚಿದರೆ ಅದೇ ದಡಲ್. ಊಟ ಸೇರದು, ಬೆಳಗಾದರೆ ವಾಂತಿ. ಹೆದರಿಕೆ ಹೊಟ್ಟೆಗಿಳಿದಿದೆ ಎಂದುಕೊಂಡಳು. ಗಾಡಿಯ ನೆರಳಲ್ಲೇ ಬಿದ್ದುಕೊಂಡಿರುತ್ತಿದ್ದ ನಾಯಿಯೂ ಮಂಕಾಗಿ, ತಟ್ಟೆಯನ್ನು ಮೂಸುವುದನ್ನೇ ಬಿಟ್ಟಿತ್ತು. ಬಿಸಿಲು ಹಾಗಿತ್ತು. ಕೊನೆಗೆ, ಮಾರಿ ಕೈತೊಳೆದುಕೊಳ್ಳುವುದೇ ಸರಿಯೆನಿಸಿ ಊರ ಅಂಗಡಿಯ ಬಾಗಿಲಿಗೆ, ಗಾಡಿ ಮಾರಾಟಕ್ಕಿದೆ ಎಂದು ಚೀಟಿ ಅಂಟಿಸಿದಳು. ಆರೂವರೆ ಸಾವಿರ ಡಾಲರ್.

ಬಂದವನು ತನ್ನ ಹೆಸರು ಕ್ಯಾಲಮ್ ಎಂದಿದ್ದ. ವಯಸ್ಸು ನಲವತ್ತರ ಆಸುಪಾಸು. ಗೇಟಿನಲ್ಲೇ ಚೌಕಾಸಿಗಿಳಿದು, ಇಷ್ಟು ಓಡಿರುವ ಗಾಡಿಗೆ ಐದು ಸಾವಿರಕ್ಕಿಂತ ಹೆಚ್ಚು ಕೊಡುವವನು ಹುಚ್ಚನೇ ಸರಿ ಎಂದು ನಕ್ಕಿದ್ದ. ಆಗ ಅವಳಿಗೆ ಜೀವ ಬಂದಂತಾಗಿತ್ತು. ಇವನು ನಿಜವಾಗಿ ಕೊಳ್ಳುವವನೇ.

ಈಗ ಅವನು ಗೋಡೆಯ ಕಡೆಗೆ ಬಗ್ಗಿ, ಹಿಂದಿನ ಎಡಚಕ್ರದತ್ತ ಕೈ ಚಾಚಿದ. ಅಂಗೈಯಲ್ಲಿ ಮೊಬೈಲಿನಂಥ ಏನೋ ಒಂದು. ಅದನ್ನು ನೋಡಿದ. ಎದ್ದ. ಹಿಮ್ಮೆಟ್ಟುತ್ತ ಗೇಟಿನವರೆಗೆ ಹೋದ.

"ಚೀಟೀಲಿ ಬರೆದಷ್ಟೇ ಕೊಡ್ತೀನಿ," ಎಂದ. ದನಿಯಲ್ಲಿ ನಗುವಿರಲಿಲ್ಲ. "ನೀವು ಈ ಕಡೆ ಬನ್ನಿ, ನೋಲೀನ್. ಅದರ ಹತ್ತಿರ ನಿಲ್ಲಬೇಡಿ."

ಪೊಲೀಸರವನೇ ಇರಬೇಕು, ಸಾಕ್ಷ್ಯ ಕೆಡಬಾರದಲ್ಲ, ಅದಕ್ಕೇ, ಎಂದುಕೊಂಡಳು. "ನಾಲ್ಕು ಸಾವಿರ ಸಾಕು. ಈಗಲೇ ಓಡಿಸ್ಕೊಂಡು ಹೋಗಿ."

"ಏಳು ಕೊಡ್ತೀನಿ. ಆದರೆ ಗಾಡಿ ಅಲ್ಲಾಡಬಾರದು."

"ಮೂರು."

"ಎಂಟು."

"ತಮಾಷೆ ಮಾಡ್ತಿದ್ದೀರಾ ಮಾರಾಯ್ರೇ?" ಎಂದು ನಗಲು ನೋಡಿದಳು.

ಅವನು ನಗಲಿಲ್ಲ. ಅವಳನ್ನು ಗೇಟಿನ ಬಳಿಗೆ ಕರೆಸಿಕೊಂಡು ಒಂದೊಂದಾಗಿ ಕೇಳತೊಡಗಿದ. ಮೂರನೇ ತಾರೀಕಿನ ಸಂಜೆ ಗಣಿಯ ದಾರಿಯಲ್ಲಿ ಬಂದಿರಾ? ಲಾರಿಯ ಹಿಂದೆಯೇ? ಆಮೇಲೆ ಗಾಡಿ ಎಲ್ಲಿತ್ತು? ಇಲ್ಲೇನಾ, ಇದೇ ಜಾಗದಲ್ಲೇನಾ? ಬೇರೆ ಯಾರಾದರೂ ಹತ್ತಿದ್ದರಾ? ಅವಳು ತಲೆಯಾಡಿಸುತ್ತ ಹೋದಳು. ಅವನು ಪಕ್ಕಕ್ಕೆ ಸರಿದು ಯಾರಿಗೋ ಫೋನ್ ಮಾಡಿ, ಸಿಕ್ಕಿತು, ಬೇಗ ಬನ್ನಿ, ಎಂದಷ್ಟೇ ಹೇಳಿದ.

ಅವಳು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ನಾನೇ ಕೊಂದದ್ದು," ಎಂದಳು. "ನಿಲ್ಲಿಸ್ಲಿಲ್ಲ. ಇಳಿದು ನೋಡ್ಲೂ ಇಲ್ಲ. ಕರ್ಕೊಂಡು ಹೋಗಿ ನನ್ನನ್ನ."

ಅವನಿಗೆ ಅರ್ಥವಾಗಲಿಲ್ಲ. "ಯಾರನ್ನ ಕೊಂದ್ರಿ?"

"ಬ್ರೆಟ್‌ನ."

"ಬ್ರೆಟ್ ಮೊನ್ನೆ ಸಿಕ್ಕಿದ, ಬ್ರೂಮ್ ಪಟ್ಟಣದಲ್ಲಿ, ಯಾವಳದೋ ಮನೇಲಿ. ಪೊಲೀಸರ ಕೈಗೆ ಸಿಕ್ಕಿದಾನೆ, ಹೆಂಡತಿ ಕೈಗೆ ಇನ್ನೂ ಸಿಕ್ಕಿಲ್ಲ, ಪುಣ್ಯವಂತ. ನೀವು ಗುದ್ದಿದ್ದು ಕಾಂಗರೂಗೆ. ದೊಡ್ಡ ಗಂಡು. ದಾರಿ ಪಕ್ಕ ಬಿದ್ದಿರೋದನ್ನ ನಾನೇ ನೋಡಿದೀನಿ. ಆ ದಾರೀನ ನಾವು ಇಂಚಿಂಚೂ ನಡೆದಿದೀವಿ."

ನೋಲೀನ್ ಕೆಮ್ಮಣ್ಣಿನ ಮೇಲೆ ಹಾಗೇ ಕುಸಿದು ಕೂತಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ಎರಡು ವಾರ ಎದೆಯ ಮೇಲೆ ಕೂತಿದ್ದ ಬಂಡೆ ಒಮ್ಮೆಗೇ ಉರುಳಿಹೋಗಿತ್ತು. ಉಸಿರು ಸರಾಗವಾಗಿ ಬಂದ ಮೇಲೆಯೇ ಅವಳಿಗೆ ಕೇಳಬೇಕೆನಿಸಿತು.

"ಇಂಚಿಂಚೂ ಯಾಕೆ ನಡೆದ್ರಿ?"

ಕ್ಯಾಲಮ್ ಎದುರಿಗೆ ಕೂತು ನಿಧಾನವಾಗಿ ಹೇಳಿದ. ಅವನು ಗಣಿಯವನು. ಅಂದು ಆ ಲಾರಿಯಲ್ಲಿ ಅದಿರನ್ನು ಅಳೆಯುವ ಯಂತ್ರವೊಂದಿತ್ತು. ಕುಲುಕಾಟಕ್ಕೆ ಅದರ ಬೋಲ್ಟು ಕಳಚಿ, ಒಳಗಿದ್ದ ಲೋಹದ ಗುಂಡೊಂದು ದಾರಿಗೆ ಬಿದ್ದಿತ್ತು. ಹೆಸರುಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಅದು ವಿಕಿರಣ ಸೂಸುವ ವಸ್ತು. ವಾಸನೆಯಿಲ್ಲ, ಬಿಸಿಯಿಲ್ಲ, ಬೆಳಕಿಲ್ಲ. ಮುಟ್ಟಬೇಕೆಂದೂ ಇಲ್ಲ, ಹತ್ತಿರವಿದ್ದರೆ ಸಾಕು, ವಾಂತಿ ಶುರುವಾಗುತ್ತದೆ. ಊರು ಹೆದರೀತೆಂದು ಮೇಲಿನವರು ಬಾಯಿ ಕಟ್ಟಿದ್ದರು. ಆದ್ದರಿಂದ, ಆ ದಾರಿಯಲ್ಲಿ ಓಡಾಡಿದವರ ಮನೆಗಳಿಗೆ ಅವನೂ ಜೊತೆಯವರೂ ಒಂದೊಂದು ನೆಪ ಹೂಡಿ ಹೋಗುತ್ತಿದ್ದರು. ಇಲ್ಲಿಗೆ ಬರಲು ಅವಳ ಚೀಟಿಯೇ ನೆಪವಾಗಿತ್ತು. ಗುಂಡು ಹಿಂದಿನ ಎಡಚಕ್ರದ ರಬ್ಬರಿನ ಸೀಳಿನಲ್ಲಿ ಕಚ್ಚಿಕೊಂಡಿರುವುದನ್ನು ಅವನ ಅಂಗೈಯಲ್ಲಿದ್ದ ವಿಕಿರಣಮಾಪಕ ತೋರಿಸಿತ್ತು.

ಆಮೇಲೆ ಅವನು, ಉತ್ತರ ಬೇಡವೆಂಬಂತೆ, ಮೆಲ್ಲಗೆ ಕೇಳಿದ. "ಆ ತಗಡಿನ ಆಚೆ ಏನಿದೆ ನೋಲೀನ್?"

"ನನ್ನ ಮಂಚ," ಎಂದಳು.

ಮುಖಗವಸು ತೊಟ್ಟ ಇಬ್ಬರು ಸೀಸದ ಪೆಟ್ಟಿಗೆಯನ್ನು ಹೊತ್ತು ತಂದರು. ಉದ್ದನೆಯ ಇಕ್ಕಳದಲ್ಲಿ ಗುಂಡನ್ನು ಕಿತ್ತು ಪೆಟ್ಟಿಗೆಗೆ ಹಾಕಿ ಮುಚ್ಚಳ ಬಿಗಿದರು. ಗುಂಡು ಎಷ್ಟು ದೂರದಲ್ಲಿತ್ತು ಎಂದೇ ಆಸ್ಪತ್ರೆಯವರು ಮೊದಲು ಕೇಳುವುದು ಎನ್ನುತ್ತ ಕ್ಯಾಲಮ್ ಟೇಪು ಬಿಚ್ಚಿ, ಹೊರಗೊಮ್ಮೆ ಒಳಗೊಮ್ಮೆ ಅಳೆದು, ಕೂಡಿಸಿ, ಹೇಳಿದ.

ಚಕ್ರದಿಂದ ತಲೆದಿಂಬಿಗೆ ತೊಂಬತ್ತೊಂದು ಸೆಂಟಿಮೀಟರ್.